ಒಣಗೈ ಚಲುವಮ್ಮ ಮತ್ತು ಸಿಪಾಯಿಗಳ ಡೇರೆ

ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಮೊದಲ ಬಸ್ಸು ಬರುವಾಗ ಬೀದಿದೀಪಗಳು ಇನ್ನೂ ಉರಿಯುತ್ತಿರುತ್ತವೆ. ಬಸ್ಸಿನಿಂದ ಇಳಿದ ಹೆಂಗಸರು ಕಾರ್ಖಾನೆಯ ಗೇಟು ದಾಟಿದ ಕೂಡಲೇ ನಲ್ಲಿಯ ಹತ್ತಿರ ನಿಂತು ಕೈಕಾಲು, ಮುಖ ತೊಳೆದುಕೊಳ್ಳುತ್ತಾರೆ. ಚಲುವಮ್ಮ ಮಾತ್ರ ನಲ್ಲಿಯ ಕಡೆ ತಿರುಗಿಯೂ ನೋಡುವುದಿಲ್ಲ. ಸೆರಗಿನ ತುದಿಯಿಂದ ಅಂಗೈ, ಹಿಂಗೈ, ಬೆರಳ ಸಂದಿಗಳನ್ನು ಉಜ್ಜಿ ಒರೆಸಿಕೊಳ್ಳುತ್ತ ನೇರವಾಗಿ ಹಿಂಬದಿಯ ಶೆಡ್ಡಿಗೆ ನಡೆಯುತ್ತಾರೆ.

ಶೆಡ್ಡಿನೊಳಗೆ ಮರದ ಚೌಕಟ್ಟುಗಳಲ್ಲಿ ಹಸಿರು ಕ್ಯಾನ್ವಾಸಿನ ತುಂಡುಗಳು ನಾಲ್ಕು ಮೂಲೆ ಕಟ್ಟಿಸಿಕೊಂಡು ತೂಗುತ್ತಿವೆ. ಒಂದೊಂದರ ಹೊಟ್ಟೆಯಲ್ಲೂ ನಿನ್ನೆ ಸಂಜೆ ಸುರಿದ ನೀರಿದೆ. ಕೂಸನ್ನು ಮಲಗಿಸುವ ಜೋಲಿಯ ಹಾಗೆ ಕಾಣುವುದರಿಂದ ಇಲ್ಲಿನವರು ಅದನ್ನು ಜೋಲಿ ಎಂದೇ ಕರೆಯುತ್ತಾರೆ. ಪ್ರತಿ ಜೋಲಿಯ ಕೆಳಗೆ ಒಂದು ಸ್ಟೀಲ್ ತಟ್ಟೆ. ಚಲುವಮ್ಮ ಮೊದಲು ಬಗ್ಗಿ ತಟ್ಟೆ ನೋಡುತ್ತಾರೆ, ಆಮೇಲೆ ಜೋಲಿಯ ತಳಕ್ಕೆ ಹಿಂಗೈಯನ್ನು ಮೆಲ್ಲಗೆ ತಾಗಿಸುತ್ತಾರೆ. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವುದೂ ಹೀಗೆಯೇ ಅಲ್ಲವೇ.

"ಅಂಗೈ ಜಡ್ಡುಗಟ್ಟ್ಯದೆ ಸಾ, ಅದುಕ್ಕೇನೂ ಗೊತ್ತಾಗಕಿಲ್ಲ. ಹಿಂಗೈ ಸುಳ್ಳೇಳಕಿಲ್ಲ" ಎನ್ನುತ್ತಾರೆ.

ನಾನು ಹೋದ ದಿನ ಕೊನೆಯ ಜೋಲಿಯ ತಳ ತಣ್ಣಗಿತ್ತು. ತಟ್ಟೆಯಲ್ಲಿ ಒಂದೇ ಒಂದು ಹನಿ. ನಾನಾಗಿದ್ದರೆ ಬೆರಳಿನಿಂದ ಒರೆಸಿ ಮುಂದೆ ಹೋಗುತ್ತಿದ್ದೆ. ಚಲುವಮ್ಮ ಆ ಜೋಲಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದರು. ಅಂದರೆ, ಆ ತುಂಡು ಬಟ್ಟೆಯ ಯಾವ ಥಾನಿನಿಂದ ಬಂತೋ ಆ ಸುರುಳಿ ಪೂರ್ತಿ, ನೀರು ತಡೆಯಲೆಂದು ಬಟ್ಟೆಗೆ ಮೇಣ ಹಿಡಿಸುವ ತೊಟ್ಟಿಗೆ ವಾಪಸ್. ಮೇಣದ ವಿಭಾಗದ ಹುಡುಗರು ಗೊಣಗುತ್ತಾರೆ, ಮೇಸ್ತ್ರಿ ಮುಖ ಸಿಂಡರಿಸುತ್ತಾರೆ. ಚಲುವಮ್ಮ ಆಗಲೇ ಕಾಫಿಗೆ ಹೊರಟಿರುತ್ತಾರೆ. ಎಲ್ಲ ಜೋಲಿ ಮುಟ್ಟಿ ಮುಗಿಯುವ ತನಕ ಅವರು ಕಾಫಿಯ ಲೋಟವನ್ನೂ ಹಿಡಿಯುವುದಿಲ್ಲ. ಲೋಟದ ಹೊರಗಿನ ಪಸೆ ಕೈಗೆ ಹತ್ತೀತು ಎಂಬ ಭಯ.

ಮಳೆಗಾಲದಲ್ಲಿ ಅವರ ಚೀಲದಲ್ಲಿ ಒಂದು ಒಣಗಿದ ಸೀರೆ ಇರುತ್ತದೆ. ಒದ್ದೆ ಸೆರಗಿನಲ್ಲಿ ಶೆಡ್ಡಿಗೆ ಕಾಲಿಡುವುದಿಲ್ಲ. ತಲೆಗೆ ಎರೆದುಕೊಂಡ ದಿನ ಕೂದಲು ಪೂರ್ತಿ ಆರದೆ ಬಸ್ಸು ಹತ್ತುವುದಿಲ್ಲ. ಸಂಗಡದ ಹೆಂಗಸರು ಇವರಿಗೆ ಇಟ್ಟ ಹೆಸರು 'ಒಣಗೈ ಚಲುವಮ್ಮ'. ಮೊದಮೊದಲು ಅದು ಚುಚ್ಚುವುದಕ್ಕೆ ಇಟ್ಟ ಹೆಸರಾಗಿತ್ತು. ಈಗ ಯಾರಾದರೂ ಹೊಸಬರು ಬಂದರೆ ಅದೇ ಹೆಸರಿನಿಂದ ಹೆಮ್ಮೆಯಿಂದ ತೋರಿಸುತ್ತಾರೆ.

ಈ ಕಾರ್ಖಾನೆಯಲ್ಲಿ ಹೊಲಿಯುವುದು ಸೇನೆಗೆ ಹೋಗುವ ಡೇರೆಗಳನ್ನು. ದೊಡ್ಡ ಕಾರ್ಖಾನೆಯೇನಲ್ಲ, ನಲವತ್ತು ಹೆಂಗಸರು, ಹತ್ತಾರು ಗಂಡಸರು, ಒಂದು ಮೇಣದ ತೊಟ್ಟಿ. ನಂಜನಗೂಡೆಂದರೆ ರಸಬಾಳೆ, ಹಲ್ಲುಪುಡಿ ಎನ್ನುವ ನಮಗೆ, ಇಲ್ಲಿ ಹೊಲಿದ ಡೇರೆಯ ಕೆಳಗೆ ಹಿಮದ ಬೆಟ್ಟದಲ್ಲಿ ಯಾರೋ ಮಲಗುತ್ತಾರೆ ಎಂಬುದು ಗೊತ್ತೇ ಇರುವುದಿಲ್ಲ.

ಪಾರ್ಲಿಮೆಂಟು ಎಂದರೆ ನಮಗೆ ನೆನಪಾಗುವುದು ಟೀವಿಯಲ್ಲಿ ಕಾಣುವ ಕೂಗಾಟ. ಆಡಿಟ್ ಎಂದರೆ ಕಚೇರಿಯ ಗುಮಾಸ್ತರಿಗೆ ವರ್ಷಕ್ಕೊಮ್ಮೆ ಬರುವ ಚಳಿಜ್ವರ. ರಕ್ಷಣಾ ಇಲಾಖೆಯಂಥ ದೊಡ್ಡ ಇಲಾಖೆ ಯಾರಿಗೆ ಉತ್ತರ ಹೇಳುತ್ತದೆ, ಹೇಗೆ ಹೇಳುತ್ತದೆ ಎಂದು ನಾನಂತೂ ಯಾವತ್ತೂ ಯೋಚಿಸಿದವನಲ್ಲ. ನಾವು ತೆರಿಗೆ ಕಟ್ಟುತ್ತೇವೆ, ಅವರು ಖರ್ಚು ಮಾಡುತ್ತಾರೆ, ನಡುವೆ ದೇವರಿದ್ದಾನೆ ಎಂದುಕೊಂಡಿದ್ದೆ. ನಡುವೆ ಇರುವವರಲ್ಲಿ ಹದಿನಾರು ಎಂಬ ಹೆಸರಿನ ಊರಿನ ಈ ಹೆಂಗಸೂ ಒಬ್ಬರು ಎಂದು ತಿಳಿದದ್ದು ಮೊನ್ನೆ ಮೊನ್ನೆ.

ಚಲುವಮ್ಮ ಈ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಗಂಡ ಪುಟ್ಟಬಸವಯ್ಯ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಗದ್ದೆಗಳಿಗೆ ನೀರು ತಿರುಗಿಸುವುದು ಅವರ ಕೆಲಸ. ಮಗ ಸಿದ್ಧಾರ್ಥ, ಮಗಳು ದಿವ್ಯ ಆಗ ಶಾಲೆಯಲ್ಲಿದ್ದರು. ಚಲುವಮ್ಮ ಮೊದಲು ಹೊಲಿಗೆಯ ಮೆಷಿನ್ನಿಗೆ ಕೂತರು. ದಪ್ಪ ಬಟ್ಟೆಯನ್ನು ಸೂಜಿಗೆ ತಳ್ಳಿ ತಳ್ಳಿ ಹೆಬ್ಬೆರಳು ಊದಿಕೊಂಡಾಗ, ನೀರಿನ ಪರೀಕ್ಷೆಯ ಶೆಡ್ಡಿಗೆ ಹಾಕಿದರು. ಕೂಲಿ ಅಷ್ಟೇ, ಬೆರಳು ಉಳಿಯಿತು.

ಪರೀಕ್ಷೆಯ ಕೆಲಸ ಹೇಳಿಕೊಟ್ಟವರು ಬಹಳ ಹೇಳಲಿಲ್ಲ. ಸಂಜೆ ಜೋಲಿ ಕಟ್ಟು, ನೀರು ಸುರಿ. ಬೆಳಿಗ್ಗೆ ಇಲಾಖೆಯ ತನಿಖಾಧಿಕಾರಿ ಬಂದು ತಟ್ಟೆ ನೋಡುತ್ತಾರೆ. ತಟ್ಟೆಯಲ್ಲಿ ನೀರಿಲ್ಲದಿದ್ದರೆ ಸರಕು ಪಾಸು. ಇಷ್ಟೇ. ಮುಂದಿನದನ್ನು ಚಲುವಮ್ಮನ ಬಾಯಲ್ಲೇ ಕೇಳಬೇಕು.

"ಮೊದುಲ್ನೇ ದಿನ ಒಣ ಬಟ್ಟೆಗೆ ನೀರ್ ಉಯ್ದೆ ಸಾ. ತಟ್ಟೇಲಿ ವಸಿ ನೀರ್ ಬಿತ್ತು, ಆಮ್ಯಾಕೆ ತಂತಾನೇ ನಿಂತೋಯ್ತು. ಓಹೋ, ಇದುಕ್ಕೂ ಬಾಯಾರ್ಕೆ ಅಂದ್ಕೊಂಡೆ. ಒಸ ಗಡಿಗೆ ತಂದ್ರೆ ನಾವು ಸೀದಾ ನೀರ್ ತುಂಬಿ ಇಡ್ತೀವಾ? ತೊಟ್ಟೀಲಿ ಮುಳುಗ್ಸಿ, ಒಂದಿನ ಬುಟ್ಟು, ನೀರ್ ಕುಡುಸ್ತೀವಿ. ಆಮೇಲೆ ಅದು ಸೋರಕಿಲ್ಲ. ಬಟ್ಟೇಗೂ ಅಂಗೇ ಮಾಡ್ದೆ. ಜೋಲಿ ಕಟ್ಟೋ ಮೊದ್ಲು ತೊಟ್ಟೀಲಿ ಅದ್ದಿ, ಇಂಡಿ, ಆಮೇಲೆ ಕಟ್ತಿದ್ದೆ. ಯಾರೂ ಏಳ್ಕೊಟ್ಟಿರ್ಲಿಲ್ಲ, ನಮ್ಮವ್ವ ಗಡಿಗೇಗೆ ಮಾಡ್ತಿದ್ದಿದ್ದು ಅಷ್ಟೆ."

ಹಳ್ಳಿಯಲ್ಲಿ ಹುಟ್ಟಿದ ಯಾವ ಹೆಣ್ಣುಮಗಳಾದರೂ ಮಾಡುತ್ತಿದ್ದ ಕೆಲಸವೇ ಇದು. ಹೊಸ ಪಾತ್ರೆಯನ್ನು ಪಳಗಿಸದೆ ಬಳಸಬಾರದು. ಆದರೆ ಕ್ಯಾನ್ವಾಸು ಗಡಿಗೆಯಲ್ಲ. ಹತ್ತಿಯ ನೂಲು ನೆನೆದರೆ ಉಬ್ಬಿಕೊಳ್ಳುತ್ತದೆ, ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ಮೇಣ ಸರಿಯಾಗಿ ಹಿಡಿಯದ ಬಟ್ಟೆಯೂ ಒಮ್ಮೆ ನೆನೆದರೆ ನೀರು ತಡೆಯುತ್ತದೆ, ಒಣಗಿದರೆ ಮತ್ತೆ ಸೋರುತ್ತದೆ. ಅಂದರೆ ಚಲುವಮ್ಮನ ಕೈಯಲ್ಲಿ ಯಾವ ಬಟ್ಟೆಯೂ ಫೇಲಾಗುವುದು ಸಾಧ್ಯವೇ ಇರಲಿಲ್ಲ. ತನಿಖಾಧಿಕಾರಿಗೆ ಬೆಳಿಗ್ಗೆ ಕಾಣುತ್ತಿದ್ದುದು ಒಣಗಿದ ತಟ್ಟೆ. ಅತ್ತ ಮೇಣದ ತೊಟ್ಟಿಯಲ್ಲಿ, ಆರ್ಡರಿನ ಅವಸರಕ್ಕೆ, ಮೇಣ ಪೂರ್ತಿ ಕಾಯುವ ಮೊದಲೇ ಬಟ್ಟೆ ಅದ್ದುವ ಅಭ್ಯಾಸ ಬೆಳೆದಿತ್ತು. ಅದನ್ನು ಹಿಡಿಯಬೇಕಾದದ್ದೇ ನೀರಿನ ಪರೀಕ್ಷೆ. ಪರೀಕ್ಷೆ ಹಿಡಿಯಲಿಲ್ಲ, ಹೀಗಾಗಿ ಡೇರೆಗಳು ರೈಲು ಹತ್ತಿ ಬೆಟ್ಟಕ್ಕೆ ಹೋದವು.

ಆಮೇಲೆ ದೆಹಲಿಯಲ್ಲಿ ಒಂದು ಪ್ರಶ್ನೆ ಎದ್ದಿತು.

ಆ ಪ್ರಶ್ನೆಯ ಕಥೆ ಕೇಳಲು ನಾನು ತಿರುಮಕೂಡಲು ನರಸೀಪುರಕ್ಕೆ ಹೋದೆ. ಅಲ್ಲಿ ಹೊಳೆಯ ಕಡೆ ಹೋಗುವ ಬೀದಿಯಲ್ಲಿ ರಂಗನಾಯಕರ ಮನೆ. ಲೆಕ್ಕಪರಿಶೋಧನೆಯ ಇಲಾಖೆಯಲ್ಲಿ ಜೀವನವಿಡೀ ದುಡಿದು ನಿವೃತ್ತರಾದವರು. ಜಗಲಿಯ ಮೇಲೆ ಕುಳಿತು ಹುರಿಗಡಲೆ ಮುಂದಿಟ್ಟು ಮಾತಾಡಿಸಿದರು. ಊರ ಮಾತನ್ನು ನೌಕರಿ ಪೂರ್ತಿ ಅಳಿಸಿಲ್ಲ.

"ಟೆಂಟು ಸೋರ್ತವೆ ಅಂತ ಯಾವುದೋ ಊರಿನ ಎಂಪಿ ಒಬ್ರು ಪಾರ್ಲಿಮೆಂಟಲ್ಲಿ ಕೇಳಿದ್ರು" ಎಂದು ಶುರುಮಾಡಿದರು. "ಇಲಾಖೆ ಏನಂತು? ಎಲ್ಲಾ ಸರಕೂ ನೀರಿನ ಪರೀಕ್ಷೆ ಪಾಸಾಗೇ ಬಂದಿದೆ ಅಂತು. ಸುಳ್ಳಲ್ಲ ಅದು, ಪಾಸಾಗಿತ್ತು. ಆದ್ರೆ ಎಂಪಿಗಳ ಸಮಿತಿ ಒಂದಿದೆ ನೋಡಿ, ಅವರು ಬಿಡ್ಲಿಲ್ಲ. ಪಾಸಾದ ಟೆಂಟು ಯಾಕೆ ಸೋರುತ್ತೆ, ಅದನ್ನ ಹೇಳಿ ಅಂದ್ರು. ಆವಾಗ ನಮ್ಮನ್ನ ಕಳಿಸಿದ್ರು. ನಾವು ಇಲಾಖೆಯವರಲ್ಲ, ಹೊರಗಿನವರು. ಅದಕ್ಕೇ ನಮ್ಮ ಮಾತಿಗೆ ಅಲ್ಲಿ ಒಂದು ತೂಕ."

ತಂಡದಲ್ಲಿ ಮೂವರಿದ್ದರು. ಇಬ್ಬರು ಉತ್ತರದವರು, ಕನ್ನಡ ಬಾರದು. ರಂಗನಾಯಕರು ಎಲ್ಲರಿಗಿಂತ ಕಿರಿಯರು. ಬೇರೆ ಬೇರೆ ಊರಿನ ಕಾರ್ಖಾನೆಗಳನ್ನು ನೋಡಿಕೊಂಡು ಒಂದು ಬೇಸಿಗೆಯ ಮಧ್ಯಾಹ್ನ ನಂಜನಗೂಡಿಗೆ ಬಂದರು. ಕಡತಗಳನ್ನು ನೋಡಿದ್ದಾಯಿತು, ಯಾವುದರಲ್ಲೂ ಕುಂದಿಲ್ಲ. ಸಂಜೆ ಹೊರಡುವ ಮುಂಚೆ ರಂಗನಾಯಕರಿಗೆ ಏನು ತೋಚಿತೋ, ಶೆಡ್ಡಿಗೆ ಹೋಗಿ ಚಲುವಮ್ಮನ ಮುಂದೆ ನಿಂತರು.

"ನಮ್ಮನ್ನ ಕಂಡ್ರೆ ಎಲ್ಲಾರೂ ಕಳ್ಳನ್ನ ಹಿಡಿಯಕ್ಕೆ ಬಂದವ್ರು ಅಂದ್ಕೋತಾರೆ. ಅದಕ್ಕೇ ನಾನು ಏನೂ ಪ್ರಶ್ನೆ ಕೇಳ್ಲಿಲ್ಲ. 'ಅವ್ವಾ, ದಿನಾ ಹೆಂಗೆ ಮಾಡ್ತೀಯೋ ಇವತ್ತೂ ಹಂಗೇ ಮಾಡು, ನಾವು ಇದೀವಿ ಅಂತ ನೋಡ್ಬೇಡ' ಅಂದೆ. ಆಯಮ್ಮ ಸೀದಾ ಬಟ್ಟೆ ತಗೊಂಡು ಹೋಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ರು!"

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರು. ಚಲುವಮ್ಮ ಗಡಿಗೆಯ ವಿಷಯ ಹೇಳಿದರು. ಹೇಳುವಾಗ ಅವರಿಗೆ ಸ್ವಲ್ಪ ಖುಷಿಯೇ ಇತ್ತು, ತನ್ನ ಕೆಲಸದ ಬಗ್ಗೆ ಕೇಳುವವರು ಅಷ್ಟು ವರ್ಷಕ್ಕೆ ಒಬ್ಬರಾದರೂ ಸಿಕ್ಕರಲ್ಲ ಎಂದು. ರಂಗನಾಯಕರು ಉಳಿದಿಬ್ಬರಿಗೆ ಹಿಂದಿಯಲ್ಲಿ ತಿಳಿಸಿದರು. ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಣ ತುಂಡೊಂದಕ್ಕೆ ಜೋಲಿ ಕಟ್ಟಿಸಿ, ನೀರು ಸುರಿಸಿದರು. ತಟ್ಟೆಗೆ ಹನಿ ಬೀಳುವ ಸದ್ದು ಶೆಡ್ಡಿನಲ್ಲೆಲ್ಲ ಕೇಳಿಸಿತು.

"ಆ ಸದ್ದು ಕೇಳ್ದೇಟ್ಗೆ ನನ್ ಎದೆ ಒಡ್ದೋಯ್ತು ಸಾ" ಎನ್ನುತ್ತಾರೆ ಚಲುವಮ್ಮ. "ಮೇಣ ಕಮ್ಮಿ ಆದುದ್ದು ನನ್ ತಪ್ಪಲ್ಲ. ಆದ್ರೆ ಅದು ಯಾರ್ಗೂ ಗೊತ್ತಾಗ್ದಂಗೆ ಮಾಡಿದ್ದು ನನ್ ಕೈಯೇ ಅಲ್ವಾ. ಎಷ್ಟ್ ಜನ ನೆಂದ್ರೋ, ಎಷ್ಟ್ ಜನಕ್ಕೆ ಕಾಯ್ಲೆ ಬಂತೋ."

ಮರುದಿನ ಬೆಳಿಗ್ಗೆ ಹೇಳಿಕೆ ಬರೆಸಿಕೊಳ್ಳುತ್ತೇವೆ ಎಂದು ತಂಡದವರು ಊರಿನ ಲಾಡ್ಜಿಗೆ ಹೋದರು. ಕಾರ್ಖಾನೆಯ ಮಾಲೀಕ ಗುರುಪ್ರಸಾದ್ ಸ್ಕೂಟರು ಹತ್ತಿ ಬಸ್ ಸ್ಟಾಪಿಗೆ ಬಂದರು. ಅಲ್ಲಿ ಏನಾಯಿತೆಂದು ನನಗೆ ಹೇಳಿದವರು ಚಲುವಮ್ಮ ಅಲ್ಲ, ಸ್ವತಃ ಗುರುಪ್ರಸಾದರೇ. ಮುಚ್ಚಿಡಬಹುದಾಗಿದ್ದ ಮಾತನ್ನು ಬಿಚ್ಚಿ ಹೇಳಿದ ಅವರಿಗೂ ಒಂದು ನಮಸ್ಕಾರ ಸಲ್ಲಬೇಕು.

"ಕೈ ಮುಗಿದು ಕೇಳ್ಕೊಂಡೆ ಸಾರ್. ಇವತ್ತೊಂದು ದಿನ ಗಾಬರಿಯಲ್ಲಿ ಹಾಗೆ ಮಾಡಿಬಿಟ್ಟೆ ಅಂತ ಹೇಳಮ್ಮ, ಸಾಕು ಅಂದೆ. ಇವತ್ತು ಮಾಡಿದ್ದೂ ನಿಜಾನೇ ತಾನೇ, ಸುಳ್ಳೇನಲ್ವಲ್ಲ ಅಂದೆ. ನೀನು ಮೊದಲಿಂದಲೂ ಮಾಡಿದ್ದೀನಿ ಅಂದ್ರೆ ಆರ್ಡರು ಹೋಗುತ್ತೆ, ಕಾರ್ಖಾನೆ ಹೋಗುತ್ತೆ, ನಲವತ್ತು ಮನೆ ಒಲೆ ಆರುತ್ತೆ, ನಿಂದೂ ಸೇರಿ ಅಂದೆ. ಅಷ್ಟರಲ್ಲಿ ಬಸ್ಸು ಬಂತು, ಆಯಮ್ಮ ಹತ್ತಿ ಹೊರಟ್ಲು."

ಆ ಸಂಜೆ ಹದಿನಾರಿನ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಚಲುವಮ್ಮ ಕುಳಿತಿದ್ದರು. ದಿವ್ಯ ಮೈಸೂರಿನ ಹಾಸ್ಟೆಲಿಗೆ ಸೇರುವ ವರ್ಷ ಅದು. ಅಮ್ಮನ ಕೂಲಿಯ ಭರವಸೆಯ ಮೇಲೆಯೇ ಮಗಳು ಟ್ರಂಕು ಜೋಡಿಸುತ್ತಿದ್ದಳು. ಪುಟ್ಟಬಸವಯ್ಯ ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆದುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಇವರು ಮಾತು ಕಡಿಮೆಯ ಮನುಷ್ಯ. ನನ್ನೊಡನೆಯೂ ಎರಡೇ ಮಾತು ಆಡಿದರು.

"ನಾನ್ ಇಷ್ಟೇ ಅಂದಿದ್ದು. ತೂಬು ಎತ್ತಿದ್ದು ನೀನು. ಗದ್ದೆ ಮುಳುಗ್ತಾ ಅದೆ. ಇಳ್ಸೋದ್ಯಾರು, ಪಕ್ಕದ್ ಮನೆಯವ್ರಾ?"

ಬೆಳಿಗ್ಗೆ ಕಚೇರಿಯ ಕೋಣೆಯಲ್ಲಿ ಮೂವರು ಅಧಿಕಾರಿಗಳು, ಒಂದು ಬದಿಗೆ ಗುರುಪ್ರಸಾದ್. ಚಲುವಮ್ಮನಿಗೆ ಕುರ್ಚಿ ಹಾಕಿದರು, ಅವರು ಕೂರಲಿಲ್ಲ. ಬಟ್ಟೆ ನೆನೆಸುವುದನ್ನು ಯಾವಾಗಿನಿಂದ ಮಾಡುತ್ತಿದ್ದೀರಿ ಎಂದು ರಂಗನಾಯಕರು ಕೇಳಿದರು.

"ಈ ಶೆಡ್ಗೆ ಬಂದಾಗ್ನಿಂದ್ಲೂ ಇಂಗೇ ಮಾಡಿವ್ನಿ ಸಾ. ಒಂದಿನಾನೂ ತಪ್ಸಿಲ್ಲ" ಎಂದರು ಚಲುವಮ್ಮ.

ಗುರುಪ್ರಸಾದ್ ಕಣ್ಣು ಮುಚ್ಚಿಕೊಂಡರು.

ಕಾರ್ಖಾನೆಗೆ ಬೀಗ ಬಿತ್ತು. ಇಲಾಖೆ ಆರ್ಡರು ತಡೆಹಿಡಿಯಿತು. ಮುಂಗಾರು ಶುರುವಾದಾಗ ನಲವತ್ತು ಮನೆಗಳಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ ಎನ್ನುವ ಸ್ಥಿತಿ. ಮೆಷಿನ್ನಿನ ಮುಂದೆ ಕೂತಿದ್ದ ಹೆಂಗಸರು ಹುಲ್ಲಹಳ್ಳಿಯ ಕಡೆ ಭತ್ತದ ನಾಟಿಗೆ, ಕಬ್ಬಿನ ಗದ್ದೆಯ ಕಳೆಗೆ ಹೋದರು. ಚಲುವಮ್ಮನೂ ಹೋದರು. ಆದರೆ ಅವರು ಇದ್ದ ಸಾಲಿನಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ಉಳಿದವರು ನಿಂತೇ ಬರುತ್ತಿದ್ದರು. ಉಪ್ಪು ತಿಂದವಳು ತಾನು ನೀರು ಕುಡಿಯಲಿ, ನಮಗೆಲ್ಲ ಯಾಕೆ ಕುಡಿಸಬೇಕಿತ್ತು ಎಂಬ ಮಾತು ಅವರ ಕಿವಿಗೆ ಬೀಳುವಂತೆಯೇ ಆಡುತ್ತಿದ್ದರು. ಒಣಗೈ ಎಂಬ ಹೆಸರು ಹುಟ್ಟಿದ್ದೂ ಆಗಲೇ. ಇವಳ ಕೈ ತಾಗಿದ್ದೆಲ್ಲ ಒಣಗುತ್ತದೆ ಎಂಬ ಅರ್ಥದಲ್ಲಿ.

ಎಲ್ಲರಿಗಿಂತ ಜೋರಾಗಿದ್ದವರು ಗೋವಿಂದಮ್ಮ. ಹೊಲಿಗೆಯಲ್ಲಿ ಚಲುವಮ್ಮನ ಪಕ್ಕದ ಮೆಷಿನ್ನಿನವರು, ಅದೇ ಊರಿನವರು, ಅಲ್ಲಿಯವರೆಗೂ ಒಂದೇ ಡಬ್ಬಿಯಲ್ಲಿ ಉಂಡವರು. ಈಗ ಅರವತ್ತರ ಹತ್ತಿರವಿದ್ದಾರೆ. ಆ ದಿನಗಳ ಬಗ್ಗೆ ಕೇಳಿದರೆ ಮುಖಕ್ಕೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

"ಅವ್ಳ್ ಮನೆ ಮುಂದ್ಲ ದಾರಿ ಬುಟ್ಟು ಕೆರೆ ಏರಿ ಸುತ್ಕೊಂಡ್ ಓಗ್ತಿದ್ದೆ ಸಾ. ಅಷ್ಟ್ ಸಿಟ್ಟು! ಆಮೇಲೆ ನಮ್ಮಕ್ಕನ ಮಗ ದೇವಯ್ಯ ರಜಕ್ಕೆ ಬಂದ. ಮಿಲ್ಟ್ರಿಲವ್ನೆ ಅವ್ನು. ನಾನು ಎಲ್ಲಾನೂ ಏಳ್ಕೊಂಡು ಬೈತಾ ಇದ್ದೆ. ಅವ್ನು ಉಣ್ತಿದ್ದೋನು ಕೈ ನಿಲ್ಸ್ದ. 'ಚಿಕ್ಕವ್ವ, ಮೊದುಲ್ ಮಳೆ ಬಂದ್ರೆ ನಾವು ಮಲಗಾಕಿಲ್ಲ. ಕಂಬ್ಳಿ ಮಡುಚ್ಕೊಂಡು ಅದ್ರ ಮ್ಯಾಲೇ ಕುಂತಿರ್ತೀವಿ ಬೆಳುಗಾಗ ಗಂಟ. ಎರಡ್ನೇ ಮಳೇಗೆ ಸರೋಯ್ತದೆ. ಯಾಕೇಂತ ನಮ್ಗೂ ಗೊತ್ತಿರ್ಲಿಲ್ಲ, ಟೆಂಟು ಅಂದ್ರೇನೇ ಇಂಗೆ ಅಂದ್ಕೊಂಡಿದ್ದೊ' ಅಂದ."

ದೇವಯ್ಯ ಮಲಗಿದ್ದ ಡೇರೆ ನಂಜನಗೂಡಿನದೇ ಎಂದು ಯಾರೂ ಹೇಳಲಾರರು. ಡೇರೆ ಹೊಲಿಯುವ ಊರುಗಳು ದೇಶದಲ್ಲಿ ಬೇಕಾದಷ್ಟಿವೆ. ಆದರೆ ಗೋವಿಂದಮ್ಮನಿಗೆ ಅಷ್ಟೇ ಸಾಕಾಯಿತು. ತನ್ನ ಕೈಯಿಂದ ಉಂಡು ಬೆಳೆದ ಹುಡುಗ ಒದ್ದೆ ಕಂಬಳಿಯ ಮೇಲೆ ಕುಳಿತು ಬೆಳಗು ಮಾಡುವುದು ಕಣ್ಣಿಗೆ ಕಟ್ಟಿತು. ಅವತ್ತು ಕೆರೆ ಏರಿ ಸುತ್ತದೆ ನೇರ ದಾರಿಯಲ್ಲೇ ಹೋಗಿ, ಮಡಿಲಿನಲ್ಲಿದ್ದ ಹಲಸಿನ ತೊಳೆಗಳನ್ನು ಚಲುವಮ್ಮನ ಮುಂದೆ ಸುರಿದರು.

"ಇಬ್ರೂ ಕುಂತ್ಕೊಂಡು ಎಲ್ಲಾನೂ ತಿಂದೊ" ಎನ್ನುತ್ತಾರೆ ಗೋವಿಂದಮ್ಮ. ಮರುದಿನ ಬಸ್ಸಿನಲ್ಲಿ ಚಲುವಮ್ಮನ ಪಕ್ಕದ ಸೀಟು ತುಂಬಿತ್ತು.

ಅತ್ತ ದೆಹಲಿಯಲ್ಲಿ ಪ್ರಶ್ನೆ ತನ್ನ ದಾರಿ ಹಿಡಿದು ವಾಪಸ್ ಹೊರಟಿತ್ತು. ಲೆಕ್ಕಪರಿಶೋಧಕರ ವರದಿ ಸಮಿತಿಯ ಮುಂದೆ ಹೋಯಿತು. ಸಮಿತಿ ಇಲಾಖೆಯ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳಿತು. ಇಲಾಖೆ ಈ ಬಾರಿ ಹಳೆಯ ಉತ್ತರ ಕೊಡಲಿಲ್ಲ. ಪರೀಕ್ಷೆಯ ಕ್ರಮದಲ್ಲಿ ಕೊರತೆ ಇತ್ತು, ಬಟ್ಟೆ ಒಣಗಿರಬೇಕು ಎಂದು ನಾವು ಎಲ್ಲೂ ಹೇಳಿರಲೇ ಇಲ್ಲ ಎಂದು ಒಪ್ಪಿಕೊಂಡಿತು. ದೊಡ್ಡವರು ತಪ್ಪು ಒಪ್ಪಿಕೊಳ್ಳುವುದು ನಮ್ಮ ದೇಶದಲ್ಲಿ ಆಷಾಢದ ಮದುವೆಯಷ್ಟು ಅಪರೂಪ. ಒಪ್ಪಿಕೊಂಡರು ಎಂದು ಕೇಳಿ ನನಗಂತೂ ಎದ್ದು ನಿಂತು ಕೈ ಮುಗಿಯುವಂತಾಯಿತು. ಅಂದಿನಿಂದ ಎಲ್ಲ ಊರಿನ ಕಾರ್ಖಾನೆಗಳಲ್ಲೂ ನೀರಿನ ಪರೀಕ್ಷೆ ಒಣ ಬಟ್ಟೆಯ ಮೇಲೆಯೇ ಆಗಬೇಕೆಂದು ಹೊಸ ನಿಯಮ ಬಂತು. ಜೋಲಿ ಕಟ್ಟುವಾಗಲೇ ತನಿಖಾಧಿಕಾರಿ ಎದುರಿಗಿರಬೇಕು ಎಂದೂ ಆಯಿತು. ಹಳೆಯ ಡೇರೆಗಳನ್ನು ವಾಪಸ್ ತರಿಸಿ ಮತ್ತೆ ಮೇಣ ಹಿಡಿಸಬೇಕು ಎಂದು ಸಮಿತಿ ಹೇಳಿತು. ಆ ಖರ್ಚನ್ನು ನಾನೇ ಹೊರುತ್ತೇನೆ, ಕೆಲಸ ಮಾತ್ರ ಇಲ್ಲೇ ಮಾಡಿಸಿ ಎಂದು ಗುರುಪ್ರಸಾದ್ ಬೇಡಿಕೊಂಡರು. ಭತ್ತದ ಕೊಯ್ಲಿನ ಹೊತ್ತಿಗೆ ಬೀಗ ತೆರೆಯಿತು.

ಎಲ್ಲ ಹೆಂಗಸರಿಗೂ ಆಳಿನ ಕೈಯಲ್ಲಿ ಹೇಳಿಕಳಿಸಿದ ಗುರುಪ್ರಸಾದ್, ಚಲುವಮ್ಮನ ಮನೆಗೆ ಮಾತ್ರ ತಾವೇ ಹೋದರು. ಹೊಸಿಲಿನ ಹೊರಗೆ ನಿಂತೇ ಮಾತಾಡಿದರಂತೆ.

"ಅವತ್ತು ನಿನ್ನ ಮೇಲೆ ತುಂಬ ಸಿಟ್ಟಿತ್ತಮ್ಮ. ಈಗಲೂ ಸ್ವಲ್ಪ ಇದೆ. ನಾಳೆ ಮೊದಲ ಬಸ್ಸಿಗೆ ಬಾ ಅಂದೆ" ಎಂದು ಗುರುಪ್ರಸಾದ್ ನಗುತ್ತಾರೆ. "ಮತ್ತೆ ಯಾರನ್ನ ಇಡ್ಲಿ ಸಾರ್ ಆ ಶೆಡ್ಡಿಗೆ? ಅಷ್ಟು ಕಳ್ಕೊಂಡೂ ನಿಜ ಹೇಳೋರು ಇನ್ನೊಬ್ಬರು ಸಿಗ್ತಾರಾ? ಮೊನ್ನೆ ಒಂದು ಥಾನು ವಾಪಸ್ ಮಾಡಿಸಿದ್ಲು, ನಂಗೆ ನಷ್ಟ. ಬೈಕೊಂಡೆ. ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ."

ಈಗ ಬೆಟ್ಟದಿಂದ ದೂರು ಬಂದು ವರ್ಷಗಳೇ ಆದವು. ದಿವ್ಯ ಓದು ಮುಗಿಸಿ ಟಿ. ನರಸೀಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಸಿದ್ಧಾರ್ಥ ಅಪ್ಪನ ಜೊತೆ ಗದ್ದೆ ನೋಡಿಕೊಳ್ಳುತ್ತಾನೆ. ದೇವಯ್ಯ ರಜೆಗೆ ಬಂದಾಗಲೆಲ್ಲ ಚಲುವಮ್ಮನ ಮನೆಗೆ ಹೋಗಿ ಕಾಫಿ ಕುಡಿಯುತ್ತಾನೆ. ಡೇರೆಯ ವಿಷಯ ಇಬ್ಬರೂ ಎತ್ತುವುದಿಲ್ಲವಂತೆ. ಹೋದ ಸಲ ಹೊರಡುವಾಗ ಮಾತ್ರ ಕಾಲಿಗೆ ನಮಸ್ಕಾರ ಮಾಡಿದ. "ಯಾಕಪ್ಪಾ ಅಂದೆ. ಸುಮ್ನೆ ಕಣವ್ವ ಅಂದ" ಎನ್ನುತ್ತ ಚಲುವಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಒರೆಸಿದ ಕೈಯನ್ನು ಮತ್ತೆ ಸೆರಗಿಗೆ ಉಜ್ಜಿ ಒಣಗಿಸುತ್ತಾರೆ, ಶೆಡ್ಡು ಎಂಟು ಮೈಲಿ ದೂರವಿದ್ದರೂ.

ವರದಿಯಲ್ಲಾಗಲೀ ಸಮಿತಿಯ ಮುಂದಾಗಲೀ ಚಲುವಮ್ಮನ ಹೆಸರು ಬಂದಿಲ್ಲ. ರಂಗನಾಯಕರೇ ಬೇಕೆಂದು ಬಿಟ್ಟರು. ಹೆಸರು ಬರೆದರೆ ತಪ್ಪೆಲ್ಲ ಒಬ್ಬ ಹೆಂಗಸಿನ ತಲೆಗೆ ಸುತ್ತಿಕೊಳ್ಳುತ್ತದೆ, ದೊಡ್ಡವರು ಕೈ ತೊಳೆದುಕೊಳ್ಳುತ್ತಾರೆ ಎಂಬ ಮುಂದಾಲೋಚನೆ ಅವರದು. "ನನ್ನ ಸರ್ವೀಸಿನಲ್ಲಿ ಎಷ್ಟೋ ಜನರನ್ನ ಕೇಳಿದೀನಿ. ಕೇಳಿದ್ದಕ್ಕಿಂತ ಜಾಸ್ತಿ ಹೇಳಿದೋರು ಅವರೊಬ್ಬರೇ. ಆಯಮ್ಮನಿಗೆ ನನ್ನ ನಮಸ್ಕಾರ ಹೇಳಿ" ಎಂದು ಬೀಳ್ಕೊಟ್ಟರು.

ಆ ನಮಸ್ಕಾರವನ್ನು ಹದಿನಾರಿಗೆ ತಂದು ಮುಟ್ಟಿಸಿದೆ. ಚಲುವಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟರು.

"ಆ ಸ್ವಾಮೇರ್ಗೆ ಏಳಿ ಸಾ, ಕೈ ಒಣುಗ್ಸ್ಕೊಂಡಿವ್ನಿ ಅಂತ. ಅವ್ರು ನನ್ನುನ್ನ ಬಯ್ಲಿಲ್ಲ, ತೋರ್ಸವ್ವ ಅಂದ್ರು ಅಷ್ಟೆ. ಡೆಲ್ಲೀಲಿ ಯಾರೋ ಎದ್ ನಿಂತು ಕೇಳುದ್ರಲ್ಲ, ಆ ಪುಣ್ಯಾತ್ಮ ಯಾರೋ ನಂಗೊತ್ತಿಲ್ಲ. ಅವ್ರು ಕೇಳ್ದೆ ಇದ್ದಿದ್ರೆ ನಾನು ಇವತ್ಗೂ ಬಟ್ಟೆ ನೆನುಸ್ತಾನೇ ಇರ್ತಿದ್ದೆ. ಅವ್ರ್ ಮನೆ ತಣ್ಣಗಿರ್ಲಿ."

ಕೇಳಿದವರಿಗೆ ಈಕೆ ಕೃತಜ್ಞೆ. ಹೇಳಿದ ಈಕೆಗೆ ನಾವು ಕೃತಜ್ಞರಾಗಿರಬೇಕು. ಯಾವ ಸನ್ಮಾನದ ಶಾಲೂ ಇವರ ಹೆಗಲಿಗೆ ಬಿದ್ದಿಲ್ಲ, ಬೀಳುವ ಲಕ್ಷಣವೂ ಇಲ್ಲ. ಹೊರಡುವ ಮುಂಚೆ ಕೇಳಿದೆ, ನಿಮಗೆ ಏನಾದರೂ ಆಸೆ ಇದೆಯೇ, ದೆಹಲಿಗೆ ಹೋಗಿ ಪಾರ್ಲಿಮೆಂಟು ನೋಡಬೇಕು ಅಂತ ಏನಾದರೂ?

"ಅಲ್ಲೇನ್ ಕೆಲ್ಸ ಸಾ ನಂಗೆ" ಎಂದು ನಕ್ಕರು. ಆಮೇಲೆ ಮೊರದಲ್ಲಿದ್ದ ಕಲ್ಲೊಂದನ್ನು ಆಯ್ದು ಎಸೆದರು. "ಒಂದಾಸೆ ಅದೆ. ಇಷ್ಟ್ ವರ್ಸ ಟೆಂಟ್ ಬಟ್ಟೆ ಮುಟ್ಟಿವ್ನಿ, ಟೆಂಟೊಳಗೆ ಒಂದಿನಾನೂ ಮಲಗಿಲ್ಲ. ಜೋರು ಮಳೆ ಬರೋ ದಿವ್ಸ, ನಮ್ದೇ ಒಸ ಟೆಂಟು ಆಕ್ಕೊಂಡು, ಒಳಗ್ ಮಲುಗ್ಬೇಕು. ಮೊದುಲ್ನೇ ಮಳೇಲೇ."

ಅಕಸ್ಮಾತ್ ಸೋರಿದರೆ?

ಚಲುವಮ್ಮ ಮೊರ ಎತ್ತಿಕೊಂಡರು.

"ಸೋರಿದ್ರೆ ಸೋರ್ತು ಅಂತ್ಲೇ ಏಳ್ತೀನಿ ಕಣ್ ಸಾ."